ಲೂಸಿಯಾ ಹತ್ತು ಗಂಟೆಗೆ ಏಳುತ್ತಾಳೆ

ದಾನೇಶ್ವರಿಗೆ ಲೂಸಿಯಾಳನ್ನು ಕಂಡರೆ ಆಗುತ್ತಿರಲಿಲ್ಲ. ಲೂಸಿಯಾ ನಿಜವಾದ ಹೆಂಗಸೇನೂ ಅಲ್ಲ. ಸ್ಪ್ಯಾನಿಷ್ ಕಲಿಸುವ ಪುಸ್ತಕದ ಒಂಬತ್ತನೆಯ ಪಾಠದಲ್ಲಿ ಹಳದಿ ಹೊದಿಕೆ ಹೊದ್ದು ಮಲಗಿದ ಒಂದು ಚಿತ್ರ. ಪಾಠದ ಹೆಸರು ‘ವಾರದ ಕೊನೆ’. ಶನಿವಾರ ಲೂಸಿಯಾ ಹತ್ತು ಗಂಟೆಗೆ ಏಳುತ್ತಾಳೆ. ಸಾವಕಾಶವಾಗಿ ಸ್ನಾನ ಮಾಡಿಕೊಳ್ಳುತ್ತಾಳೆ. ತಲೆ ಬಾಚಿಕೊಳ್ಳುತ್ತಾಳೆ, ಕನ್ನಡಿಯ ಮುಂದೆ ನಿಂತು ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಾಳೆ, ಚೆಂದದ ಬಟ್ಟೆ ಹಾಕಿಕೊಳ್ಳುತ್ತಾಳೆ. ಗೆಳತಿಯರ ಜೊತೆ ನಕ್ಕು ನಲಿಯುತ್ತಾಳೆ. ಭಾನುವಾರ ಮಧ್ಯಾಹ್ನ ಮಾಡಲು ಕೆಲಸವೇನೂ ಇಲ್ಲದೆ ಅವಳಿಗೆ ಬೇಸರ ಬರುತ್ತದೆ. ಆಗ ಮತ್ತೆ ಮಲಗಿಕೊಳ್ಳುತ್ತಾಳೆ.

ಇಷ್ಟನ್ನು ಬಾಯಿಪಾಠ ಮಾಡಲು ದಾನೇಶ್ವರಿ ಮೂರು ವಾರದಿಂದ ಒದ್ದಾಡುತ್ತಿದ್ದಳು. ಹೊಸ ಭಾಷೆ ಅವಳಿಗೆ ಹೆದರಿಕೆ ಹುಟ್ಟಿಸಿರಲಿಲ್ಲ. ಹೆಸರು, ಊರು, ಬಣ್ಣ, ತರಕಾರಿ, ಗಂಟೆ ಹೇಳುವುದು, ಹೀಗೆ ಮೊದಲ ಎಂಟು ಪಾಠಗಳನ್ನು ಎರಡು ತಿಂಗಳಲ್ಲಿ ಮುಗಿಸಿದ್ದಳು. ಒಂಬತ್ತನೆಯದಕ್ಕೆ ಬಂದಾಗ ಗಾಡಿ ಕೆಸರಿನಲ್ಲಿ ಹೂತುಕೊಂಡಿತು.

ಅವಳು ನವಲಿಯ ಹುಡುಗಿ. ಅಪ್ಪನ ಎರಡೆಕರೆ ಭತ್ತದ ಗದ್ದೆಯಲ್ಲಿ ಕಳೆ ಕೀಳುತ್ತ, ಬಸ್ಸು ಹಿಡಿದು ಗಂಗಾವತಿಯ ಕಾಲೇಜಿಗೆ ಹೋಗುತ್ತ ಬಿಎಸ್ಸಿ ಮಾಡಿದವಳು. ಅವರ ಮನೆತನದಲ್ಲಿ ಡಿಗ್ರಿ ಎಂಬ ಕಾಗದ ಬಂದದ್ದು ಅದೇ ಮೊದಲು. ಮದುವೆಯಾಗಿ ಕುಷ್ಟಗಿಗೆ ಬಂದು, ಮಗಳು ಹುಟ್ಟಿದ ಮೇಲೆ, ನಾಲ್ಕು ವರ್ಷದಿಂದ ಬೀಜದ ಕೆಲಸಕ್ಕೆ ಹೋಗುತ್ತಿದ್ದಳು. ಕುಷ್ಟಗಿ ಸೀಮೆಯಲ್ಲಿ ಬೀಜದ ಕೆಲಸವೆಂದರೆ ಎಲ್ಲರಿಗೂ ಗೊತ್ತು. ಹೊಲದಲ್ಲಿ ಬಿಳಿ ಬಲೆಯ ಮನೆ ಕಟ್ಟಿ, ಒಳಗೆ ಟೊಮೆಟೊ ಬೆಳೆದು, ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುವುದು. ರೈತ ಪಕೀರಪ್ಪನ ಹೊಲದಲ್ಲಿದ್ದ ಮೂರು ಬಲೆಮನೆಗಳಿಗೆ, ಅಲ್ಲಿ ದುಡಿಯುವ ನಲವತ್ತು ಹೆಂಗಸರಿಗೆ, ದಾನೇಶ್ವರಿ ಸೂಪರ್‌ವೈಸರ್. ಹೆಸರು ಸೂಪರ್‌ವೈಸರ್, ಲೆಕ್ಕ ಮಾತ್ರ ದಿನಗೂಲಿ. ಕಂತ್ರಾಟುದಾರ ಗೋವಿಂದರಾಜನ ಕೈಕೆಳಗೆ.

ಬೀಜ ಕೊಳ್ಳುವ ಕಂಪನಿ ಸ್ಪೇನ್ ದೇಶದ್ದು. ಆ ವರ್ಷ ಅದು ಕುಷ್ಟಗಿ ಭಾಗಕ್ಕೆ ತನ್ನದೇ ಒಬ್ಬ ಸಂಯೋಜಕಿಯನ್ನು ತೆಗೆದುಕೊಳ್ಳುವುದಾಗಿ ತಿಳಿಸಿತು. ತಿಂಗಳ ಸಂಬಳದ ಕೆಲಸ. ಅಲ್ಲಿಯವರೊಡನೆ ನೇರವಾಗಿ ಮಾತಾಡಬೇಕಾದ್ದರಿಂದ ಮೊದಲ ಹಂತದ ಸ್ಪ್ಯಾನಿಷ್ ಬರಬೇಕು. ನೂರಕ್ಕೆ ಅರವತ್ತು ಅಂಕ ಬೇಕು. ಪ್ರಕಟಣೆಯ ಕೊನೆಯ ಸಾಲನ್ನು ದಾನೇಶ್ವರಿ ಮೂರು ಸಲ ಓದಿದ್ದಳು: ಭಾನುವಾರ ಸಂಬಳಸಹಿತ ರಜೆ.

ಅವಳಿಗೆ ಆ ಕೆಲಸ ಬೇಕಾಗಿತ್ತು. ಸಂಬಳಕ್ಕಿಂತ ಹೆಚ್ಚಾಗಿ ಆ ಸಾಲಿಗಾಗಿ ಬೇಕಾಗಿತ್ತು. ನವೆಂಬರದಲ್ಲಿ ಹೂವು ಬಿಡಲು ಶುರುವಾದ ಮೇಲೆ ಅವಳು ಒಂದು ದಿನವೂ ಮನೆಯಲ್ಲಿ ಕೂತಿರಲಿಲ್ಲ. ಹೂವಿಗೆ ವಾರ ತಿಳಿಯುವುದಿಲ್ಲ. ಇಂದು ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆದಿಟ್ಟರೆ ನಾಳೆ ಬೆಳಿಗ್ಗೆ ಪರಾಗ ಮುಟ್ಟಿಸಲೇಬೇಕು. ಆ ನಾಳೆ ಭಾನುವಾರವಾದರೂ ಅಷ್ಟೆ, ಅಮಾವಾಸ್ಯೆಯಾದರೂ ಅಷ್ಟೆ.

ಪಾಠ ಹೇಳುವವಳು ಕೊಪ್ಪಳದ ಮುಬಾಶಿರಾ. ಹೈದರಾಬಾದಿನಲ್ಲಿ ಸ್ಪ್ಯಾನಿಷ್ ಓದಿ ಬಂದು, ಮನೆಯ ಅಟ್ಟದ ಮೇಲೆ ಕೂತು ಫೋನಿನಲ್ಲೇ ಪಾಠ ಮಾಡುತ್ತಿದ್ದಳು. ದಾನೇಶ್ವರಿಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಆದರೂ ಇವಳು ‘ಮೇಡಂ’ ಎನ್ನುವಳು, ಅವಳು ‘ಅಕ್ಕ’ ಎನ್ನುವಳು. ಸಂಜೆ ಏಳೂವರೆಗೆ ದಾನೇಶ್ವರಿ ರೊಟ್ಟಿಯ ಹಿಟ್ಟು ನಾದಿಟ್ಟು, ಅಡುಗೆಮನೆಯ ಗೂಡಿನಲ್ಲಿ ಫೋನು ನಿಲ್ಲಿಸಿ ಕೂರುತ್ತಿದ್ದಳು.

“ಇದು ಸರಳ ಐತಿ ಅಕ್ಕ,” ಎಂದು ಮುಬಾಶಿರಾ ಮೊದಲ ದಿನ ಧೈರ್ಯ ತುಂಬಿದ್ದಳು. “ನಾವು ಮುಖ ತೊಳ್ಕೋತೀನಿ, ತಲಿ ಬಾಚ್ಕೋತೀನಿ ಅಂತೀವಲ್ಲ. ನಮ್ಮ ಕೆಲಸ ನಮಗ ನಾವ ಮಾಡ್ಕೊಳ್ಳೋದು. ಅವರು ಮುಂದ ಒಂದು ‘ಮೆ’ ಹಚ್ಚತಾರ. ಮೆ ಲಾವೊ, ತೊಳ್ಕೋತೀನಿ. ಮೆ ಪೇಯ್ನೊ, ಬಾಚ್ಕೋತೀನಿ. ಮೆ ಲೆವಾಂತೊ, ಏಳ್ತೀನಿ.”

ದಾನೇಶ್ವರಿ ಅದನ್ನು ನಂಬಿ, ಮನೆಪಾಠದಲ್ಲಿ ‘ಕೊಳ್ಳು’ ಬಂದ ಕಡೆಯೆಲ್ಲ ‘ಮೆ’ ಹಚ್ಚಿ ಕಳಿಸಿದಳು. ಬೆಳಿಗ್ಗೆ ಅಡುಗೆ ಮಾಡಿಕೊಳ್ಳುತ್ತೇನೆ ಎಂಬುದಕ್ಕೆ ಮೆ ಕೊಸಿನೊ ಎಂದು ಬರೆದಳು. ಮುಬಾಶಿರಾ ಫೋನಿನಲ್ಲಿ ಬಹಳ ಹೊತ್ತು ನಕ್ಕಳು.

“ಅಕ್ಕ, ನಿನ್ನನ್ನ ನೀನ ಕುದಸ್ಕೊಂಡೀಯಲ್ಲ.”

“ಅಂದ್ರ?”

“ನಾ ನನ್ನನ್ನ ಗಡಿಗ್ಯಾಗ ಹಾಕಿ ಬೇಯಿಸ್ತೀನಿ ಅಂತ ಬರದಿ.”

ದಾನೇಶ್ವರಿಗೆ ನಗು ಬರಲಿಲ್ಲ. “ಸುಳ್ಳೇನಲ್ರಿ ಮೇಡಂ,” ಎಂದಳು. “ಬರದದ್ದು ಸರಿನ ಐತಿ.”

ತಪ್ಪುಗಳು ಒಂದೆರಡು ದಿನದಲ್ಲಿ ತಿದ್ದಿಹೋದವು. ಸಿಕ್ಕಿಕೊಂಡದ್ದು ಬೇರೆ ಕಡೆ. ಪರೀಕ್ಷೆಯಲ್ಲಿ ಐದು ನಿಮಿಷ ಮಾತಾಡಲು ಒಂದು ವಿಷಯ ಕೊಡುತ್ತಾರೆ. ಆ ಸಲದ ವಿಷಯ ‘ನೀನು ವಾರದ ಕೊನೆಯನ್ನು ಹೇಗೆ ಕಳೆಯುತ್ತೀ’ ಎಂಬುದೆಂದು ಮೊದಲೇ ತಿಳಿಸಿದ್ದರು. ದಾನೇಶ್ವರಿ ತನ್ನ ಭಾನುವಾರವನ್ನು ಬರೆಯಲು ಕೂತಳು. ಐದಕ್ಕೆ ಏಳುತ್ತೇನೆ. ಅದಾಯಿತು. ಅತ್ತೆಯನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುತ್ತೇನೆ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತೇನೆ, ಗಂಡನ ಬುತ್ತಿಯ ಡಬ್ಬಿ ತೊಳೆಯುತ್ತೇನೆ, ಮಗಳಿಗೆ ಸ್ನಾನ ಮಾಡಿಸುತ್ತೇನೆ, ಜಡೆ ಹಾಕುತ್ತೇನೆ. ರಾತ್ರಿ ಮಲಗಿಕೊಳ್ಳುತ್ತೇನೆ. ಬರೆದು ನೋಡಿದರೆ, ಪಾಠದಲ್ಲಿ ಕಲಿತ ಹದಿನಾಲ್ಕು ‘ಮೆ’ ಪದಗಳಲ್ಲಿ ಎರಡೇ ಎರಡು ಬಳಕೆಗೆ ಬಂದಿದ್ದವು. ಉಳಿದ ಹನ್ನೆರಡು ಪದಗಳಿಗೆ ಅವಳ ಭಾನುವಾರದಲ್ಲಿ ಜಾಗವೇ ಇರಲಿಲ್ಲ.

“ಇದನ್ನ ಹೇಳಿದ್ರ ಅಂಕ ಬೀಳಂಗಿಲ್ಲ ಅಕ್ಕ,” ಎಂದಳು ಮುಬಾಶಿರಾ. “ಅವರು ಆ ಪದಗಳನ್ನ ಎಣಸ್ತಾರ. ನೀ ಲೂಸಿಯಾನ ವಾರಾನ ನಿಂದು ಅಂತ ಹೇಳಿಬಿಡು. ಸ್ಪೇನ್‌ನಿಂದ ಯಾರ ಬಂದು ನಿನ್ನ ಮನ್ಯಾಗ ಹಣಕಿ ನೋಡ್ತಾರ?”

ಹಾಗಾಗಿ ಲೂಸಿಯಾ ಅವಳ ಹೆಗಲೇರಿ ಕೂತಳು. ಮೊಗ್ಗು ಬಿಡಿಸುವಾಗ ಲೂಸಿಯಾ, ಬಟ್ಟೆ ಒಗೆಯುವಾಗ ಲೂಸಿಯಾ. ಬಲೆಮನೆಯ ಸಾಲುಗಳಲ್ಲಿ ಬಾಯಲ್ಲೇ ಗೊಣಗುತ್ತ ನಡೆಯುವ ಅವಳನ್ನು ಕಂಡು ಹೆಂಗಸರು ಕಣ್ಣಿನಲ್ಲೇ ಮಾತಾಡಿಕೊಳ್ಳತೊಡಗಿದರು.

ಕೊನೆಗೆ ಕೇಳಿದವಳು ಯಮನೂರಮ್ಮ. ಐವತ್ತು ದಾಟಿದ ಹೆಂಗಸು. ಹದಿನೈದು ವರ್ಷದಿಂದ ಈ ಕೆಲಸ ಮಾಡುತ್ತಿದ್ದವಳು. ಕನ್ನಡಕವಿಲ್ಲದೆ ಮೊಗ್ಗಿನ ವಯಸ್ಸು ಹೇಳುವಳು. ಅವಳ ಎಡಗೈ ಬೆರಳಿನಲ್ಲಿ ಪ್ಲಾಸ್ಟಿಕ್ ಉಂಗುರವಿತ್ತು. ಆ ಉಂಗುರದ ಮೇಲೆ ಸಣ್ಣ ಬಟ್ಟಲು, ಬಟ್ಟಲಲ್ಲಿ ಗಂಡು ಹೂವಿನ ಹಳದಿ ಪುಡಿ. ಬಿಡಿಸಿಟ್ಟ ಹೂವಿನ ತುದಿಯನ್ನು ಅದರಲ್ಲಿ ಅದ್ದಿ, ಕೆಲಸ ಆಯಿತೆಂಬ ಗುರುತಿಗೆ ಹೂವಿನ ಹಸಿರು ಎಸಳೆರಡನ್ನು ಉಗುರಿನಿಂದ ಚಿವುಟಿ ಮುಂದಕ್ಕೆ ಹೋಗುವುದು. ಬೆಳಗಿನಿಂದ ಹನ್ನೊಂದರ ತನಕ ನಲವತ್ತು ಹೆಂಗಸರೂ ಅದನ್ನೇ ಮಾಡುತ್ತಿದ್ದರು.

“ಏನ ಮಂತ್ರ ಹೇಳಾಕತ್ತೀಯವ್ವಾ? ಗಿಡಕ್ಕ ಗಾಳಿ ಸೋಕೇತೇನು?”

“ಪರೀಕ್ಷಾಕ್ಕ ಓದಾಕತ್ತೀನಿ, ದೊಡ್ಡವ್ವ.”

“ಏನ ಕೇಳ್ತಾರದರಾಗ?”

“ಸೂಟಿ ದಿನ ಏನ ಮಾಡ್ತಿ ಅಂತ ಕೇಳ್ತಾರ.”

ಯಮನೂರಮ್ಮ ಕೈ ನಿಲ್ಲಿಸಲಿಲ್ಲ. ಒಂದು ಹೂವು ಅದ್ದಿದಳು, ಚಿವುಟಿದಳು. “ಸೂಟಿ ಇದ್ದಾಕಿನ್ನ ಕೇಳಬೇಕಲ್ಲ ಅದನ್ನ,” ಎಂದಳು. ಪಕ್ಕದ ಸಾಲಿನಿಂದ ನಗು ಬಂತು. “ನನ್ನ ಕೇಳಿದ್ರ ನಾ ಏನ ಹೇಳ್ಲಿ? ಹೋದ ವರ್ಷ ಕಾಲಾಗ ಮುಳ್ಳ ನಟ್ಟಾಗ ಎರಡ ದಿನ ಮಕ್ಕೊಂಡಿದ್ದೆ ಅಂತ ಹೇಳ್ಬೇಕಾಗತೈತಿ.”

ದಾನೇಶ್ವರಿ ಫೋನು ತೆಗೆದಳು. ಆರೂ ನಲವತ್ತಾಗಿತ್ತು. ದಿನಾ ಬೆಳಿಗ್ಗೆ ಒಂದು ಹೂವನ್ನು ತಾನೇ ಮುಟ್ಟಿಸಿ ಫೋಟೋ ಹೊಡೆದು ಕಂಪನಿಯ ಆ್ಯಪಿಗೆ ಹಾಕುವುದು ಸೂಪರ್‌ವೈಸರ್‌ನ ಕೆಲಸ. ಫೋಟೋದ ಮೂಲೆಯಲ್ಲಿ ತಾರೀಖು, ಗಂಟೆ ತಾವಾಗಿಯೇ ಬೀಳುತ್ತಿದ್ದವು. ಫೋಟೋದಲ್ಲಿ ಅವಳ ಎಡಗೈ, ಬೆರಳಿನಲ್ಲಿ ಉಂಗುರ, ಹೆಬ್ಬೆರಳ ಬುಡದಲ್ಲಿ ನವಲಿಯ ಕುಡುಗೋಲಿನ ಉದ್ದನೆಯ ಕಲೆ. ಅದು ಕಂಪನಿಯ ಹೈದರಾಬಾದಿನ ಆಫೀಸಿನಲ್ಲಿ ಯಾವುದೋ ಕಡತಕ್ಕೆ ಸೇರುತ್ತದೆ ಎಂದಷ್ಟೆ ಅವಳಿಗೆ ಗೊತ್ತಿತ್ತು. ಬೇರೆ ಬಲೆಮನೆಗಳ ಸೂಪರ್‌ವೈಸರುಗಳು ಭಾನುವಾರ ಹೆಂಗಸರ ಕೈಗೇ ಫೋನು ಕೊಟ್ಟು ಮನೆಗೆ ಹೋಗುವುದುಂಟು. ಅವಳು ಒಂದು ದಿನವೂ ಹಾಗೆ ಮಾಡಿರಲಿಲ್ಲ.

ಪರೀಕ್ಷೆ ಜನವರಿಯ ಒಂದು ಸೋಮವಾರ, ನಮ್ಮ ಗಂಟೆ ಮಧ್ಯಾಹ್ನ ಎರಡೂವರೆಗೆ. ಹಿಂದಿನ ದಿನ ಭಾನುವಾರ ಅವಳು ಬಲೆಮನೆಯಿಂದ ಮನೆಗೆ ಬಂದಾಗ ಹನ್ನೆರಡಾಗಿತ್ತು. ಸಂಜೆಯ ಮೊಗ್ಗಿನ ಕೆಲಸಕ್ಕೆ ಮತ್ತೆ ಮೂರೂವರೆಗೆ ಹೋಗಬೇಕು. ನಡುವೆ ಒಂದೆರಡು ತಾಸು ಓದಿಕೊಳ್ಳುವ ಎಣಿಕೆ ಇತ್ತು.

ಗಂಡ ರುದ್ರೇಶ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಮಷೀನು ನೋಡಿಕೊಳ್ಳುವವನು. ಶನಿವಾರ ಸಂಜೆ ಬಂದು ಸೋಮವಾರ ಮುಂಜಾನೆ ಹೋಗುತ್ತಿದ್ದ. ಅವಳು ಒಳಗೆ ಬಂದಾಗ ಅವನು ಎದ್ದು, ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಚೌಕದ ತನಕ ಹೋಗಿ ಗೆಳೆಯರ ಜೊತೆ ಚಹಾ ಕುಡಿದು, ತಿರುಗಿ ಬಂದು ಫ್ಯಾನಿನ ಕೆಳಗೆ ಮಲಗಿದ್ದ. ಐದು ವರ್ಷದ ಮಗಳು ಅಂಜಲಿ ಎಣ್ಣೆ ಹಚ್ಚಿದ ತಲೆಯಲ್ಲಿ, ಹಿಂದಿನ ದಿನದ ಫ್ರಾಕಿನಲ್ಲಿ, ಬಾಗಿಲಲ್ಲಿ ಕೂತಿದ್ದಳು.

“ಇದಕ್ಕ ಜಳಕ ಆಗಿಲ್ಲೇನು?”

“ಅವ್ವ ಬಂದ ಮ್ಯಾಲೆ ಅಂತಾಳ,” ಎಂದ ರುದ್ರೇಶ, ಕಣ್ಣು ಮುಚ್ಚಿಕೊಂಡೇ.

ಅವಳು ಬಾಗಿಲಲ್ಲೇ ನಿಂತು ಅವನನ್ನು ನೋಡಿದಳು. ಆ ಕ್ಷಣ ಅವಳಿಗೆ, ಮೂರು ವಾರ ಬಾಯಿಗೆ ಹತ್ತದ ಪಾಠ ತಪ್ಪಿಲ್ಲದೆ ಬಂತು. ರುದ್ರೇಶ ಒಂಬತ್ತಕ್ಕೆ ಏಳುತ್ತಾನೆ. ಸ್ನಾನ ಮಾಡಿಕೊಳ್ಳುತ್ತಾನೆ. ಬಟ್ಟೆ ಹಾಕಿಕೊಳ್ಳುತ್ತಾನೆ. ಗೆಳೆಯರ ಜೊತೆ ನಕ್ಕು ನಲಿಯುತ್ತಾನೆ. ಬೇಸರವಾಗಿ ಮತ್ತೆ ಮಲಗಿಕೊಳ್ಳುತ್ತಾನೆ. ಅವಳು ಅದನ್ನೆಲ್ಲ ಸ್ಪ್ಯಾನಿಷಿನಲ್ಲಿ ಜೋರಾಗಿ ಹೇಳಿಬಿಟ್ಟಳು.

ರುದ್ರೇಶ ಒಂದು ಕಣ್ಣು ತೆರೆದ. “ಬೈದಿ ಏನು?”

“ಇಲ್ಲ. ನಿಮ್ಮ ವರ್ಣನಾ ಮಾಡಿದೆ.”

“ವಾರೆಲ್ಲ ಹೊಟ್ಟಿನ ಧೂಳು ಕುಡದು ಬಂದೀನಿ. ಒಂದಿನಾ ಮಕ್ಕೊಂಡ್ರ ಅದೂ ತಪ್ಪಾತೇನು?”

“ತಪ್ಪು ಅಂದ್ನೇನು ನಾನು? ಪರೀಕ್ಷಾ ನೀವ ಕಟ್ಟಬೇಕಿತ್ತು. ನೂರಕ್ಕ ನೂರ ಬರ್ತಿದ್ದುವು.”

ಒಳಕೋಣೆಯಿಂದ ಅತ್ತೆ ವಿರೂಪಾಕ್ಷಮ್ಮ ದನಿ ತೆಗೆದಳು. ಅವಳ ಮೊಣಕಾಲು ಸರಿಯಿರಲಿಲ್ಲ, ಕಿವಿ ಮಾತ್ರ ಚುರುಕಾಗಿತ್ತು. “ಅವನ ಕೂಡ ಯಾಕ ಜಗಳ ತೆಗಿತಿ? ಮೊದಲ ಆ ಕೂಸಿಗಿ ಎರಡ ತಂಬಿಗಿ ನೀರ ಹಾಕು.”

“ನೀವ ಒಂದು ಮಾತ ನಿಮ್ಮ ಮಗಗ ಹೇಳಬಹುದಿತ್ತಲ್ರಿ ಅತ್ತಿ.”

“ಹೇಳಿದೆ. ಬಿಸಿನೀರ ಎಲ್ಲೈತಿ ಅಂತ ಕೇಳಿದ. ಅಷ್ಟು ಕೇಳಾಂವಗ ಏನ ಹೇಳೂದು ಅಂತ ಸುಮ್ಮಾದೆ.”

ಎರಡು ತಾಸು ಹೋದದ್ದೇ ತಿಳಿಯಲಿಲ್ಲ. ಮೂರೂಕಾಲಿಗೆ ಅವಳು ಪುಸ್ತಕವನ್ನು ತೆರೆದ ಪುಟದಲ್ಲೇ ಬುತ್ತಿಯ ಚೀಲಕ್ಕೆ ತುರುಕಿ ಹೊರಟಳು. ದಾರಿಯುದ್ದಕ್ಕೂ ಅವಳಿಗೆ ಸಿಟ್ಟು. ಗಂಡನ ಮೇಲೋ, ಲೂಸಿಯಾಳ ಮೇಲೋ, ಇಂಥ ಪ್ರಶ್ನೆ ಕೇಳುವವರ ಮೇಲೋ, ಹೇಳಲು ಬರುವಂತಿರಲಿಲ್ಲ. ಸಿಟ್ಟಿನಲ್ಲೇ ಅವಳು ನಿರ್ಧಾರ ಮಾಡಿದಳು. ಸುಳ್ಳಾದರೆ ಸುಳ್ಳು. ಲೂಸಿಯಾಳ ಹೊದಿಕೆಯನ್ನೇ ತಾನು ಹೊದ್ದು ಮಲಗುವುದು. ಆ ಸಂಜೆ ಮೊಗ್ಗು ಬಿಡಿಸುತ್ತ ಬಿಡಿಸುತ್ತ ಅವಳು ಐದು ನಿಮಿಷದ ಮಾತನ್ನು ಒಂದೂ ತಡವರಿಕೆ ಇಲ್ಲದೆ ಆರು ಸಲ ಹೇಳಿಕೊಂಡಳು.

ಸೋಮವಾರ ಪಕೀರಪ್ಪ ತನ್ನ ಪಂಪ್‌ಸೆಟ್ಟಿನ ಕೋಣೆಯನ್ನು ಗುಡಿಸಿ ಕೊಟ್ಟ. ಆ ಹೊಲದಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುವುದು ಅದೊಂದೇ ಜಾಗದಲ್ಲಿ. ಗೊಬ್ಬರದ ಚೀಲಗಳ ಮೇಲೆ ಫೋನು ನಿಲ್ಲಿಸಿ, ಖಾಲಿ ಕ್ರೇಟೊಂದನ್ನು ಮಗುಚಿ ಅದರ ಮೇಲೆ ಕೂತಳು. ಆ ದಿನ ಹೂವು ಹೆಚ್ಚಿದ್ದು, ಬೆಳಗಿನ ಕೆಲಸ ಎರಡರ ತನಕ ಎಳೆದು, ಓಡಿ ಬಂದಿದ್ದರಿಂದ ಉಂಗುರ ಬೆರಳಿನಲ್ಲೇ ಉಳಿದಿತ್ತು. ಅದು ಅವಳ ಗಮನಕ್ಕೆ ಬಂದಿರಲಿಲ್ಲ.

ಪರದೆಯ ಮೇಲೆ ಬಂದವಳು ನರೆಗೂದಲನ್ನು ಗಿಡ್ಡಕ್ಕೆ ಕತ್ತರಿಸಿದ ಹೆಂಗಸು. ಹೆಸರು ಪಿಲಾರ್ ಎಂದಳು. ಅವಳು ಭಾಷೆ ಕಲಿಸುವವಳಲ್ಲ, ಬೀಜದ ಗುಣಮಟ್ಟ ನೋಡುವ ವಿಭಾಗದವಳು. ಕೆಲಸ ಸಿಕ್ಕರೆ ಸಂಯೋಜಕಿ ಮಾತಾಡಬೇಕಾದ್ದು ಅವಳ ಜೊತೆಗೇ. ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಮಾತಾಡುತ್ತಿದ್ದಳು. ಹೆಸರು, ಊರು, ಮನೆಯವರು ಎಲ್ಲ ಚೆನ್ನಾಗಿಯೇ ಆಯಿತು. ಆಮೇಲೆ ಬಂತು ಆ ಪ್ರಶ್ನೆ.

ದಾನೇಶ್ವರಿ ಉಸಿರು ಎಳೆದುಕೊಂಡಳು. “ಲೊಸ್ ದೊಮಿಂಗೊಸ್ ಮೆ ಲೆವಾಂತೊ ಆ ಲಾಸ್ ದಿಯೆಸ್,” ಎಂದಳು. ಭಾನುವಾರ ನಾನು ಹತ್ತು ಗಂಟೆಗೆ ಏಳುತ್ತೇನೆ. ಸಾವಕಾಶವಾಗಿ ಸ್ನಾನ ಮಾಡಿಕೊಳ್ಳುತ್ತೇನೆ. ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತೇನೆ. ಮಾತು ನೀರಿನ ಹಾಗೆ ಹರಿಯುತ್ತಿತ್ತು. ಪಿಲಾರ್ ಮೊದಲು ತಲೆಯಾಡಿಸುತ್ತಿದ್ದಳು. ಆಮೇಲೆ ತಲೆಯಾಡಿಸುವುದನ್ನು ನಿಲ್ಲಿಸಿದಳು. ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಕಡೆಗೆ ನೋಡಿದಳು, ಏನನ್ನೋ ಹುಡುಕುವವಳಂತೆ. ಲೂಸಿಯಾ ಗೆಳತಿಯರ ಜೊತೆ ನಗುವ ಹೊತ್ತಿಗೆ ಅವಳು ಕೈ ಎತ್ತಿ ತಡೆದಳು.

ಅವಳು ಆಡಿದ ಮಾತೆಲ್ಲ ದಾನೇಶ್ವರಿಗೆ ತಿಳಿಯಲಿಲ್ಲ. ದೊಮಿಂಗೊ ಎಂದರೆ ಭಾನುವಾರ, ಅದು ತಿಳಿಯಿತು. ಫೋಟೋ ತಿಳಿಯಿತು. ಆರೂ ನಲವತ್ತು ತಿಳಿಯಿತು. ಆಮೇಲೆ ಪಿಲಾರ್ ತನ್ನ ಪರದೆಯನ್ನೇ ತೋರಿಸಿದಳು. ಅಲ್ಲಿ ಸಾಲಾಗಿ ಹನ್ನೊಂದು ಭಾನುವಾರದ ಹನ್ನೊಂದು ಫೋಟೋ ಇದ್ದವು. ಎಲ್ಲದರ ಮೂಲೆಯಲ್ಲೂ ಬೆಳಗಿನ ಗಂಟೆ. ಆ ಫೋಟೋಗಳು ಹೈದರಾಬಾದಿನಲ್ಲಿ ನಿಲ್ಲುತ್ತಿರಲಿಲ್ಲ. ಪ್ರತಿ ವಾರ ಈ ಹೆಂಗಸಿನ ಮೇಜಿಗೇ ಹೋಗುತ್ತಿದ್ದವು.

“ನೀನು ಹತ್ತಕ್ಕೆ ಏಳುತ್ತೀ,” ಎಂದಳು ಪಿಲಾರ್, ಇನ್ನೂ ನಿಧಾನವಾಗಿ. “ಹಾಗಾದರೆ ಇದು ಯಾರು?”

ಪ್ರಶ್ನೆಯ ಅರ್ಥ ದಾನೇಶ್ವರಿಗೆ ಆಗ ಹೊಳೆಯಿತು. ಬೀಜದ ಕೆಲಸದಲ್ಲಿ ಸುಳ್ಳು ವರದಿಗಿಂತ ದೊಡ್ಡ ಅಪರಾಧವಿಲ್ಲ. ಯಾರೋ ಹೊಡೆದ ಫೋಟೋ ಎಂದು ಅನುಮಾನ ಬಂದರೆ ಮೂರೂ ಬಲೆಮನೆಯ ಬೀಜ ತಿರಸ್ಕಾರವಾಗುತ್ತದೆ. ಪಕೀರಪ್ಪನ ಒಂದು ವರ್ಷ, ನಲವತ್ತು ಹೆಂಗಸರ ಮೂರು ತಿಂಗಳು, ಎಲ್ಲವೂ ತನ್ನ ತುಟಿಯ ಬಣ್ಣಕ್ಕೆ ಹೋಗುವಂತಾಯಿತು. ಹೇಳಬೇಕಾದ್ದು ಎಷ್ಟೋ ಇತ್ತು. ಪಾಠ ಒಪ್ಪಿಸಿದೆ, ಹಾಗೆ ಹೇಳಬೇಕೆಂದು ಕಲಿಸಿದ್ದರು, ಕ್ಷಮಿಸಿ ಎಂದೆಲ್ಲ. ಆದರೆ ಆಗಿಹೋದದ್ದನ್ನು ಹೇಳುವ ಪಾಠ ಇನ್ನೂ ಮುಂದಿತ್ತು. ಅವಳ ಕೈಯಲ್ಲಿದ್ದದ್ದು ಇಂದಿನ ಮಾತು ಮಾತ್ರ.

“ಲೂಸಿಯಾ,” ಎಂದಳು ಕೊನೆಗೆ. “ಲೂಸಿಯಾ ಹತ್ತು ಗಂಟೆಗೆ ಏಳುತ್ತಾಳೆ. ನಾನಲ್ಲ. ನಾನು ಐದಕ್ಕೆ.”

“ಲೂಸಿಯಾ ಯಾರು?”

“ಪುಸ್ತಕದಲ್ಲಿದ್ದಾಳೆ.”

ಪಿಲಾರ್ ನಗಲಿಲ್ಲ. ಕಾಯುತ್ತಿದ್ದಳು. ದಾನೇಶ್ವರಿ ಎಡಗೈಯನ್ನು ಫೋನಿನ ಹತ್ತಿರ ಹಿಡಿದಳು. ಹೆಬ್ಬೆರಳ ಬುಡದ ಕಲೆ, ಬೆರಳಿನಲ್ಲಿ ಉಂಗುರ, ಉಂಗುರದಲ್ಲಿ ಮಿಕ್ಕ ಹಳದಿ ಪುಡಿ. ಪಿಲಾರ್ ಮುಂದಕ್ಕೆ ಬಾಗಿ ಆ ಕೈಯನ್ನೂ ಫೋಟೋಗಳನ್ನೂ ಬಹಳ ಹೊತ್ತು ಒಂದರ ಪಕ್ಕ ಒಂದು ನೋಡಿದಳು.

“ಈ ಕೈ ನನಗೆ ಗೊತ್ತು,” ಎಂದಳು. “ಎಲ್ಲ ಭಾನುವಾರವೂ?”

“ಎಲ್ಲ ಭಾನುವಾರವೂ.”

“ಹಾಗಾದರೆ ನಿನ್ನ ಭಾನುವಾರ ಹೇಳು.”

ದಾನೇಶ್ವರಿ ಹೇಳಲು ಹೊರಟಳು. ಐದಕ್ಕೆ ಏಳುತ್ತೇನೆ. ಅತ್ತೆಯ ಮೊಣಕಾಲು... ಮೊಣಕಾಲಿಗೆ ಪದ ಸಿಗಲಿಲ್ಲ, ತನ್ನ ಮೊಣಕಾಲು ತಟ್ಟಿ ತೋರಿಸಿದಳು. ಅದು ಪರದೆಯಲ್ಲಿ ಕಾಣಲಿಲ್ಲ. ಮಗಳಿಗೆ ನೀರು. ಹೂವು, ಹೂವು, ಬಹಳ ಹೂವು. ಮಧ್ಯಾಹ್ನ ರೊಟ್ಟಿ. ಮತ್ತೆ ಹೂವು. ಪದಗಳು ಒಡೆದ ಹೆಂಚಿನ ಹಾಗೆ ಒಂದೊಂದೇ ಬಿದ್ದವು. ತಾನು ಆಡುತ್ತಿದ್ದದ್ದು ಪೂರ್ತಿ ನಿಜ, ಕೇಳಲು ಪೂರ್ತಿ ದಡ್ಡತನ, ಎರಡೂ ಅವಳಿಗೆ ಗೊತ್ತಾಗುತ್ತಿತ್ತು. ಹೊತ್ತು ಮುಗಿದಾಗ ಪಿಲಾರ್ ಧನ್ಯವಾದ ಹೇಳಿ ಮಾಯವಾದಳು.

ಹೊರಗೆ ಯಮನೂರಮ್ಮ ಕಾಯುತ್ತಿದ್ದಳು. “ಹೆಂಗಾತವ್ವಾ?”

“ಸುಳ್ಳು ಹೇಳಿದಾಗ ಛಲೋ ಬಂತು ದೊಡ್ಡವ್ವ. ಖರೇ ಹೇಳಾಕ ಹೋದೆ, ಒಂದ ಮಾತ ನೆಟ್ಟಗ ಬರಲಿಲ್ಲ.”

ಯಮನೂರಮ್ಮ ಸೆರಗು ಸಿಕ್ಕಿಸಿಕೊಂಡಳು. “ಮೂರನೇ ಮನ್ಯಾಗ ಮೊಗ್ಗು ಭಾಳ ಅದಾವು,” ಎಂದು ನಡೆದಳು.

ಹತ್ತು ದಿನಕ್ಕೆ ಫಲಿತಾಂಶ ಬಂತು. ಐವತ್ನಾಲ್ಕು. ವರದಿಗಳು ಸರಿಯಾಗಿವೆ, ಬೀಜಕ್ಕೆ ತೊಂದರೆಯಿಲ್ಲ. ಅಭ್ಯರ್ಥಿಯ ಭಾಷೆ ಸದ್ಯಕ್ಕೆ ಸಾಲದು. ಕೆಲಸ ಜೂನ್ ತನಕ ಖಾಲಿ ಇರುತ್ತದೆ, ಮತ್ತೆ ಪರೀಕ್ಷೆಗೆ ಕೂರಬಹುದು ಎಂದಿತ್ತು. ದಾನೇಶ್ವರಿ ಅದನ್ನು ಬಲೆಮನೆಯ ಬಾಗಿಲಲ್ಲಿ ನಿಂತು ಓದಿದಳು. ಇನ್ನು ಆರು ಅಂಕ. ಲೂಸಿಯಾಳನ್ನು ಕೊನೆಯ ತನಕ ಮಲಗಲು ಬಿಟ್ಟಿದ್ದರೆ ಬರುತ್ತಿದ್ದವೇನೋ. ಹನ್ನೊಂದು ಭಾನುವಾರ ಪ್ರಾಮಾಣಿಕವಾಗಿ ದುಡಿದದ್ದೇ ತನ್ನ ಸುಳ್ಳಿಗೆ ಅಡ್ಡ ನಿಂತಿತ್ತು. ಈ ಯೋಚನೆ ಅವಳನ್ನು ಎರಡು ದಿನ ಉಣ್ಣಲು ಬಿಡಲಿಲ್ಲ.

ಮೂರನೆಯ ದಿನ ಕಂತ್ರಾಟುದಾರ ಗೋವಿಂದರಾಜ ಬೈಕಿನಲ್ಲಿ ಬಂದ. ಇಳಿಯುವ ಮೊದಲೇ ಶುರುಮಾಡಿದ.

“ನೀ ಏನ ಚಾಡಿ ಹೇಳಿದೆವ್ವಾ ಆ ಸ್ಪೇನ್ ಹೆಣ್ಮಗಳಿಗೆ? ಹನ್ನೊಂದು ವಾರ ಸೂಟಿ ಇಲ್ಲದ ಒಬ್ಬಾಕಿನ್ನ ಹೆಂಗ ದುಡಿಸಿದಿ ಅಂತ ನನಗ ಮೇಲ್ ಹಾಕ್ಯಾರ.”

“ನಾ ಚಾಡಿ ಹೇಳಿಲ್ರಿ. ಭಾನುವಾರ ಏನ ಮಾಡ್ತಿ ಅಂತ ಕೇಳಿದ್ರು. ಹೇಳಿದೆ.”

“ಮಕ್ಕೋತೀನಿ ಅಂತ ಹೇಳಬೇಕಿಲ್ಲೋ?”

“ಅದನ್ನ ಮೊದಲ ಹೇಳಿದ್ದೆ. ನಂಬಲಿಲ್ಲ.”

ಗೋವಿಂದರಾಜ ಅವಳನ್ನು ದಿಟ್ಟಿಸಿ ನೋಡಿದ. ತಮಾಷೆಯೋ ಸಿಟ್ಟೋ ತಿಳಿಯದೆ ಬೈಕಿನ ಸೀಟು ಒರೆಸಿದ. “ತಗೋ ಹಂಗಾದ್ರ. ಈ ವಾರದಿಂದ ಭಾನುವಾರ ಬರಬ್ಯಾಡ. ನಾನ ಬಂದು ನಿಂದರ್ತೀನಿ. ಸೂಟಿ ಅಂದ್ರ ಸೂಟಿ, ಆ ದಿನದ ಪಗಾರ ಇಲ್ಲ.”

“ಕಂಪನಿಯವರು ಪಗಾರ ಕೊಡಬ್ಯಾಡ ಅಂದಾರೇನ್ರಿ?”

“ಕೊಡು ಅಂತಾನೂ ಅಂದಿಲ್ಲ.” ಬೈಕು ಧೂಳೆಬ್ಬಿಸಿ ಹೋಯಿತು.

ಆ ಸಂಜೆ ಅವಳು ಮುಬಾಶಿರಾಗೆ ಫೋನು ಮಾಡಿದಳು. ಮುಬಾಶಿರಾ ತಪ್ಪೆಲ್ಲ ತನ್ನದೇ ಎಂದು ಅಳುಮುಖದಲ್ಲಿದ್ದಳು. ಆ್ಯಪಿನ ಸಂಗತಿ ತನಗೆ ಗೊತ್ತಿದ್ದರೆ ಹಾಗೆ ಹೇಳಿಕೊಡುತ್ತಿರಲಿಲ್ಲ ಎಂದಳು.

“ನನಗ ಗೊತ್ತಿತ್ತಲ್ಲ, ನಾ ಯೋಚನಿ ಮಾಡಲಿಲ್ಲ,” ಎಂದಳು ದಾನೇಶ್ವರಿ. “ಬಿಡ್ರಿ ಮೇಡಂ. ಜೂನ್‌ದಾಗ ಮತ್ತ ಕುಂದರ್ತೀನಿ. ಈ ಸಲ ಮೊಣಕಾಲಿಗೆ ಏನಂತಾರ, ಎಣ್ಣಿ ತಿಕ್ಕೂದಕ್ಕ ಏನಂತಾರ, ಅದನ್ನ ಮೊದಲ ಹೇಳಿಕೊಡ್ರಿ. ಲೂಸಿಯಾ ಸಾಕು.”

ಭಾನುವಾರ ಬಂತು. ಅಲಾರಂ ಇಟ್ಟಿರಲಿಲ್ಲ, ಐದಕ್ಕೆ ಹತ್ತು ನಿಮಿಷ ಇರುವಾಗಲೇ ದಾನೇಶ್ವರಿಗೆ ಎಚ್ಚರವಾಯಿತು. ಪಕ್ಕದಲ್ಲಿ ರುದ್ರೇಶ ಗೊರಕೆ ಹೊಡೆಯುತ್ತಿದ್ದ. ಎದ್ದು ಕೂತಳು. ಅತ್ತೆಯನ್ನು ಬಚ್ಚಲಿಗೆ ಕರೆದೊಯ್ದು ತಂದಳು.

“ಇವತ್ತ ಸೂಟಿ ಅಂದಿ,” ಎಂದಳು ವಿರೂಪಾಕ್ಷಮ್ಮ. “ಹೋಗಿ ಮಕ್ಕೋ.”

“ನಿದ್ದಿ ಬರಂಗಿಲ್ರಿ.”

“ಬರ್ಲಿಕ್ಕಿಲ್ಲ. ಸುಮ್ನ ಅಡ್ಡಾಗು. ಎಣ್ಣಿ ಹೊತ್ತೇರಿದ ಮ್ಯಾಲೆ ಹಚ್ಚೀಯಂತ.”

ಅವಳು ಹೋಗಿ ಅಡ್ಡಾದಳು. ತಗಡಿನ ಸಂದಿಯಿಂದ ಬೆಳಕು ಬರುವುದನ್ನು ನೋಡಿದಳು. ಈಗ ಹೆಂಗಸರು ಬಂದಿರುತ್ತಾರೆ. ಈಗ ಪುಡಿ ಜರಡಿ ಹಿಡಿಯುತ್ತಿರುತ್ತಾರೆ. ಪುಡಿಗೆ ಇಬ್ಬನಿಯ ತೇವ ತಗುಲಿದರೆ ಹೂವು ಹಿಡಿಯುವುದಿಲ್ಲ, ಅದು ಗೋವಿಂದರಾಜನಿಗೆ ಗೊತ್ತಿದೆಯೋ ಇಲ್ಲವೋ. ಕಾಲುಗಳು ತಾವಾಗಿಯೇ ಮಂಚದಿಂದ ಕೆಳಕ್ಕೆ ಹೊರಟವು. ಅವಳು ಅವನ್ನು ಮತ್ತೆ ಮೇಲಕ್ಕೆಳೆದುಕೊಂಡಳು. ಕೂಲಿ ಹೋದ ದಿನ. ಮಲಗದಿದ್ದರೆ ಅದೂ ಹೋದಂತೆ, ಇದೂ ಹೋದಂತೆ.

ಆರೂವರೆ ದಾಟಿದ ಮೇಲೆ ಫೋನು ಬಡಿದುಕೊಂಡಿತು. ಗೋವಿಂದರಾಜ.

“ಈ ಉಂಗುರದಾಗ ಪುಡಿ ಎಷ್ಟ ತುಂಬಬೇಕು? ಫೋಟೋ ಯಾವ ಸಾಲಿಂದು ಹೊಡಿಬೇಕು? ಆ್ಯಪ್ ಪಾಸ್‌ವರ್ಡ್ ಕೇಳಾಕತ್ತೈತಿ. ಒಂದ ಹತ್ತ ನಿಮಿಷ ಬಂದು ಹೋಗಬಾರದ?”

ದಾನೇಶ್ವರಿ ಸೀರೆಯ ನೆರಿಗೆ ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದಳು. ಚಪ್ಪಲಿ ಬಾಗಿಲಲ್ಲೇ ಇದ್ದವು. ಬಲೆಮನೆ ಅಲ್ಲಿಂದ ಬರೇ ಕಾಲು ತಾಸಿನ ದಾರಿ.

“ಉಂಗುರದ್ದು ಯಮನೂರಮ್ಮನ ಕೇಳ್ರಿ ಸರ್,” ಎಂದಳು. “ಪಾಸ್‌ವರ್ಡ್ ಬರದು ಕಳಸ್ತೀನಿ. ನಾ ಮಕ್ಕೊಂಡೀನಿ.”

ಪಾಸ್‌ವರ್ಡ್ ಕಳಿಸಿ, ಫೋನನ್ನು ದಿಂಬಿನ ಕೆಳಗೆ ತಳ್ಳಿ ಗೋಡೆಯ ಕಡೆ ತಿರುಗಿದಳು. ನಿದ್ದೆ ಹತ್ತಿರ ಸುಳಿಯಲಿಲ್ಲ. ಅಂಜಲಿ ನಿದ್ದೆಗಣ್ಣಿನಲ್ಲಿ ಬಂದು, ಅವ್ವ ಇನ್ನೂ ಮನೆಯಲ್ಲಿದ್ದಾಳೆಂಬುದನ್ನು ನಂಬದೆ ಅವಳ ಬೆನ್ನು ಮುಟ್ಟಿ ನೋಡಿ, ಪಕ್ಕದಲ್ಲಿ ತೂರಿಕೊಂಡಳು. ದಾನೇಶ್ವರಿ ಹಟ ಹಿಡಿದು ಕಣ್ಣು ಮುಚ್ಚಿದಳು. ಹತ್ತು ಗಂಟೆಯಾಗಲು ಇನ್ನೂ ಮೂರು ತಾಸಿಗಿಂತ ಹೆಚ್ಚಿತ್ತು.